ಡಿಕ್ಲೇರ್ ಮಾಡುವಾಗ ಕ್ಯಾಪ್ಟನ್ ಕೈಯಲ್ಲಿ ಏನಿತ್ತು?

ಪ್ರಿಯರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ನಿಜವಾದ ನಾಯಕ ಯಾರು?’ ಲೇಖನವನ್ನು ಎರಡು ಸಲ ಓದಿದೆ. ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡು ಸಲ ಓದಿದ್ದಕ್ಕೆ ಕಾರಣ ಇದೆ. ನಿಮಗೆ ಕ್ರಿಕೆಟ್ ಗೊತ್ತು, ಕನ್ನಡವೂ ಚೆನ್ನಾಗಿದೆ. ತೊಂದರೆ ಇರುವುದು ನೀವು ಕ್ಯಾಪ್ಟನ್‌ಗಳನ್ನು ತೂಗಿದ ರೀತಿಯಲ್ಲಿ.

ನಿಮ್ಮ ಲೇಖನದಲ್ಲಿ ಗೆದ್ದವರೆಲ್ಲ ಧೈರ್ಯವಂತರು. ಸೋತವರು ಅಂಜುಬುರುಕರು, ಇಲ್ಲವೇ ಸ್ವಾರ್ಥಿಗಳು. ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಅಜಿತ್ ವಾಡೇಕರ್ ಅವರನ್ನೇ ನೋಡಿ. 1971ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಅದುವರೆಗೆ ಕ್ಯಾಪ್ಟನ್ ಆಗಿದ್ದ ಪಟೌಡಿ ಬದಲು ಅವರನ್ನು ಆರಿಸಿದ್ದು ಆಯ್ಕೆ ಸಮಿತಿಯ ಅಧ್ಯಕ್ಷ ವಿಜಯ್ ಮರ್ಚೆಂಟ್ ಅವರ ಕಾಸ್ಟಿಂಗ್ ವೋಟ್. ಅದೇ ವರ್ಷ ಅಲ್ಲೂ ಗೆದ್ದರು, ಇಂಗ್ಲೆಂಡಿನಲ್ಲೂ ಗೆದ್ದರು. ಎರಡನೇ ಪುಟದಲ್ಲಿ ನೀವು ಅವರನ್ನು ‘ಚಾಣಾಕ್ಷ’ ಅನ್ನುತ್ತೀರಿ. 1974ರಲ್ಲಿ ಇಂಗ್ಲೆಂಡಿನಲ್ಲಿ 3-0 ಸೋತರು, ಲಾರ್ಡ್ಸ್‌ನಲ್ಲಿ ನಮ್ಮ ತಂಡ 42ಕ್ಕೆ ಆಲೌಟ್ ಆಯಿತು. ಆರನೇ ಪುಟಕ್ಕೆ ಬರುವಾಗ ಅದೇ ವಾಡೇಕರ್ ‘ತಂತ್ರ ಗೊತ್ತಿಲ್ಲದವರು’. ಮೂರು ವರ್ಷದಲ್ಲಿ ಒಬ್ಬ ಮನುಷ್ಯ ಕಲಿತದ್ದೆಲ್ಲ ಮರೆತುಬಿಡುತ್ತಾನಾ? ನೀವು ತಾರೀಕು ನೋಡಬೇಕಿತ್ತು. 1971ರ ಮೂರು ಟೆಸ್ಟ್‌ಗಳು ನಡೆದದ್ದು ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ. 1974ರವು ಜೂನ್ ಮತ್ತು ಜುಲೈ ಮೊದಲ ವಾರದಲ್ಲಿ. ಆ ಚಳಿಯಲ್ಲಿ, ವೇಗದ ಬೌಲರ್‌ಗಳಿಗೆ ಒಲಿಯುವ ಹಸಿ ಪಿಚ್‌ನಲ್ಲಿ, ಸ್ಪಿನ್ನರ್‌ಗಳನ್ನೇ ನಂಬಿಕೊಂಡ ಕ್ಯಾಪ್ಟನ್ ಏನು ಮಾಡಬಹುದಿತ್ತು? ಈ ಪ್ರಶ್ನೆ ಕೇಳಿದ್ದರೆ ಆರನೇ ಪುಟವನ್ನು ಹಾಗೆ ಬರೆಯುತ್ತಿರಲಿಲ್ಲ.

ಈಗ ನನಗೆ ನಿಜಕ್ಕೂ ಬೇಜಾರಾದ ಜಾಗಕ್ಕೆ ಬರುತ್ತೇನೆ. ನೀವು ಬರೆದ ಸಾಲು ಇದು: ‘ವ್ಯಕ್ತಿಗಿಂತ ತಂಡ ದೊಡ್ಡದು ಎಂದು ದ್ರಾವಿಡ್ ಮುಲ್ತಾನ್‌ನಲ್ಲಿ ತೋರಿಸಿದರು, ನವುಲೆಯಲ್ಲಿ ನಮ್ಮ ಹುಡುಗರು ಅದನ್ನು ಮರೆತರು.’ ಓದುವುದಕ್ಕೆ ಚಂದ ಇದೆ. ಆದರೆ ಸರಿಯಿಲ್ಲ.

2004ರಲ್ಲಿ ಪಾಕಿಸ್ತಾನದ ಮುಲ್ತಾನ್ ಟೆಸ್ಟ್‌ಗೆ ಕ್ಯಾಪ್ಟನ್ ಗಂಗೂಲಿ ಇರಲಿಲ್ಲ, ಅವರ ಬದಲು ದ್ರಾವಿಡ್ ಕ್ಯಾಪ್ಟನ್. ಸೆಹವಾಗ್ 309 ಹೊಡೆದಿದ್ದರು. ಸಚಿನ್ 194ರಲ್ಲಿದ್ದಾಗ, ದ್ವಿಶತಕಕ್ಕೆ ಆರೇ ರನ್ ಬಾಕಿ ಇರುವಾಗ, 5 ವಿಕೆಟ್‌ಗೆ 675ರಲ್ಲಿ ಡಿಕ್ಲೇರ್ ಆಯಿತು, ಅಂದರೆ ನಾವೇ ಬ್ಯಾಟಿಂಗ್ ನಿಲ್ಲಿಸಿದೆವು. ಎರಡನೇ ದಿನದ ಸಂಜೆ ಪಾಕಿಸ್ತಾನದವರು ದಣಿದ ಕಾಲಲ್ಲೇ ಬ್ಯಾಟ್ ಹಿಡಿದು ಬರಲಿ ಎಂಬ ಲೆಕ್ಕ ಅದು. 20 ವಿಕೆಟ್ ತೆಗೆಯಬೇಕು, ಅದಕ್ಕೆ ಓವರ್ ಬೇಕು. ಕೊನೆಯ ವಿಕೆಟ್ ಬಿದ್ದದ್ದು ಐದನೇ ದಿನ ಬೆಳಿಗ್ಗೆ. ಇನ್ನಿಂಗ್ಸ್ ಮತ್ತು 52 ರನ್‌ನಿಂದ ಗೆದ್ದೆವು. ಪಾಕಿಸ್ತಾನದಲ್ಲಿ ನಮಗೆ ಮೊದಲ ಟೆಸ್ಟ್ ಗೆಲುವು.

ನಮ್ಮ ಶಿವಮೊಗ್ಗದ ನವುಲೆ ಮೈದಾನದ ಲೆಕ್ಕ ಬೇರೆ. 2024ರ ಜನವರಿ, 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್. ಮುಂಬೈ 380. ಕರ್ನಾಟಕ 8 ವಿಕೆಟ್‌ಗೆ 890. ಪ್ರಖರ್ ಚತುರ್ವೇದಿ ಔಟಾಗದೆ 404. ಪಂದ್ಯ ನಾಲ್ಕೇ ದಿನದ್ದು. ಡ್ರಾ ಆದರೆ ಮೊದಲ ಇನ್ನಿಂಗ್ಸ್‌ನಲ್ಲಿ ಲೀಡ್ ಪಡೆದವರಿಗೆ, ಅಂದರೆ ಹೆಚ್ಚು ರನ್ ಮಾಡಿದವರಿಗೆ ಟ್ರೋಫಿ. 381ನೇ ರನ್ ಬಂದ ಮೇಲೆ ಮುಂಬೈಗೆ ಮತ್ತೆ ಬ್ಯಾಟ್ ಕೊಟ್ಟು ನಮ್ಮ ಕ್ಯಾಪ್ಟನ್‌ಗೆ ಸಿಗುವುದು ಏನು? ಕಳೆದುಕೊಳ್ಳುವ ಸಾಧ್ಯತೆ ಮಾತ್ರ. ಕರ್ನಾಟಕ ಅದುವರೆಗೆ ಆ ಟ್ರೋಫಿ ಗೆದ್ದೇ ಇರಲಿಲ್ಲ. ಮುಲ್ತಾನ್‌ನಲ್ಲಿ ಬೇಗ ಡಿಕ್ಲೇರ್ ಮಾಡಿದ್ದು ಎಷ್ಟು ಸರಿಯೋ, ಇಲ್ಲಿ ಬ್ಯಾಟ್ ಮಾಡುತ್ತಾ ಹೋದದ್ದೂ ಅಷ್ಟೇ ಸರಿ. ಅಂಥ ಆಟ ನೋಡೋಕೆ ಬೇಸರ, ಲೀಡ್‌ನಿಂದ ಟ್ರೋಫಿ ಕೊಡುವ ನಿಯಮವೇ ಬದಲಾಗಬೇಕು ಅನ್ನುತ್ತೀರಾ? ಬರೆಯಿರಿ, ಸಂತೋಷದಿಂದ ಹಾಕುತ್ತೇನೆ. ನಿಯಮದ ತಪ್ಪನ್ನು 19 ವರ್ಷದೊಳಗಿನ ಹುಡುಗನೊಬ್ಬನ ತಲೆಗೆ ಕಟ್ಟಬೇಡಿ.

ಇನ್ನೊಂದು ಮಾತು. ಆ ಫೈನಲ್ ಅನ್ನು ಕೂತು ನೋಡಿದ್ದಾಗಿ ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನೋಡಿದ್ದೀರಿ ಮಾರಾಯ್ರೇ! ಸ್ಕೋರ್‌ಕಾರ್ಡಿನಲ್ಲಿ ಸಿಗದ್ದು ನಿಮ್ಮ ಹತ್ತಿರ ಇದೆ. ಲೀಡ್ ಸಿಕ್ಕ ಮೇಲೆ ಮುಂಬೈ ಹುಡುಗರ ಫೀಲ್ಡಿಂಗ್ ಹೇಗಾಯಿತು? ಅವರ ಕ್ಯಾಪ್ಟನ್ ಸ್ಲಿಪ್ ತೆಗೆದದ್ದು ಯಾವಾಗ? ಬೌಲರ್ ಹತ್ತಿರ ಹೋಗಿ ಮಾತಾಡುತ್ತಿದ್ದನಾ, ಸುಮ್ನೆ ದೂರದಿಂದ ಕೈ ತೋರಿಸುತ್ತಿದ್ದನಾ? ಸೋಲು ಖಾತ್ರಿಯಾದ ಮೇಲೂ ಗಂಟೆಗಟ್ಟಲೆ ಫೀಲ್ಡಿಂಗ್ ಮಾಡಬೇಕಾದ ಕ್ಯಾಪ್ಟನ್ ಬಗ್ಗೆ ಬರೆಯುವವರು ಬಹಳ ಕಡಿಮೆ.

ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಬಗ್ಗೆ ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಹಾಳೆ ಕೆಳಗಿಟ್ಟೆ. ‘ಒಳ್ಳೆಯತನದಿಂದ ಪಂದ್ಯ ಕಳೆದ ಕ್ಯಾಪ್ಟನ್’ ಅಂದಿದ್ದೀರಿ. 1980ರ ಫೆಬ್ರವರಿ, ವಾಂಖೆಡೆ, ಇಂಗ್ಲೆಂಡ್ ವಿರುದ್ಧ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5. ಆಮೇಲೆ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ಚೆಂಡು ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿತು. ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್, ಬಾಥಂ ಸೇರಿ 171 ರನ್ ಕೂಡಿಸಿದರು, ನಾವು 10 ವಿಕೆಟ್‌ನಿಂದ ಸೋತೆವು. ಇಷ್ಟು ನೀವು ಬರೆದಿದ್ದೀರಿ. ನೀವು ಬಿಟ್ಟದ್ದು, ಎರಡನೇ ಇನ್ನಿಂಗ್ಸ್‌ನಲ್ಲಿ ನಾವು 149ಕ್ಕೆ ಔಟಾದದ್ದು. ಬಾಥಂ ಆ ಪಂದ್ಯದಲ್ಲಿ ಶತಕದ ಜೊತೆ 13 ವಿಕೆಟ್ ತೆಗೆದದ್ದು. ಇವೆರಡನ್ನು ಬಿಟ್ಟು ಸೋಲನ್ನು ವಿಶ್ವನಾಥ್ ಮೇಲೆ ಹಾಕುವುದು ಅನ್ಯಾಯ.

ಅವರು ಟೆಸ್ಟ್ ಕ್ಯಾಪ್ಟನ್ ಆಗಿದ್ದು ಎರಡೇ ಸಲ. ಬೇಕಾದರೆ ಹೀಗೆ ಕೇಳಿ: ಔಟ್ ಅಲ್ಲ ಎಂದು ತಿಳಿದ ಮೇಲೆ ಕ್ಯಾಪ್ಟನ್ ಸುಮ್ಮನಿರಬಹುದಾ? ಬೌಲರ್ ಕಪಿಲ್ ದೇವ್ ಮುಖ ನೋಡಬೇಕಾ, ಅಂಪೈರ್ ಮಾತಿಗೆ ತಲೆಬಾಗಬೇಕಾ? ನನಗಂತೂ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ, 10 ವಿಕೆಟ್ ಸೋಲಿನ ಸಮೇತ. ನೀವು ಒಪ್ಪಬೇಕಾಗಿಲ್ಲ. ಆದರೆ ಆ ಕ್ಷಣದಲ್ಲಿ ಸ್ಲಿಪ್‌ನಲ್ಲಿ ಅವರ ಪಕ್ಕ ನಿಂತು ಯೋಚಿಸಿ ಬರೆಯಿರಿ, ಮರುದಿನದ ಪೇಪರ್ ಓದಿ ಬರೆಯಬೇಡಿ.

ಕ್ಯಾಪ್ಟನ್ ತಂಡದ ಅತ್ಯುತ್ತಮ ಬ್ಯಾಟರ್ ಆಗಿರಲೇಬೇಕು ಎಂಬ ನಿಮ್ಮ ಮಾತಿಗೆ ಉತ್ತರವಾಗಿ ಇಂಗ್ಲೆಂಡ್ ಕ್ಯಾಪ್ಟನ್ ಆಗಿದ್ದ ಮೈಕ್ ಬ್ರೇರ್ಲಿ ಸಾಕು. 39 ಟೆಸ್ಟ್, ಒಂದೂ ಶತಕ ಇಲ್ಲ. 1981ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಆ್ಯಷಸ್ ಸರಣಿಯಲ್ಲಿ 0-1 ಹಿಂದಿದ್ದಾಗ ಬಾಥಂ ಬದಲು ಬಂದು 3-1ರಿಂದ ಗೆಲ್ಲಿಸಿದರು. ಹಾಗಂತ ಆಯ್ಕೆಗಾರರಿಗೆ ಅದು ಸುಲಭದ ದಾರಿ ಅಲ್ಲ. ಬ್ಯಾಟಿಂಗ್ ಸಾಲದ ಕ್ಯಾಪ್ಟನ್‌ಗೆ ಜಾಗ ಕೊಟ್ಟರೆ ಹೊರಗೆ ಕೂರುವವನು ಒಬ್ಬ ಒಳ್ಳೆ ಬ್ಯಾಟರ್. ಆ ಬೆಲೆಯನ್ನೂ ನಿಮ್ಮ ಲೇಖನ ಹೇಳಬೇಕು.

ನಾನು ಚಿಕ್ಕವನಿದ್ದಾಗ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಆಡುತ್ತಿದ್ದೆವು. ಕೂಳೆಗೆ ತಾಗಿ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೇಳೋಕೆ ಆಗುತ್ತಿರಲಿಲ್ಲ. ನಮ್ಮ ಕ್ಯಾಪ್ಟನ್ ಬ್ಯಾಟಿಂಗ್‌ನಲ್ಲಿ ಅಷ್ಟಕ್ಕಷ್ಟೆ. ಆದರೆ ನಮ್ಮ ಒಳ್ಳೆ ಬೌಲರ್ ಐದು ಗಂಟೆಗೆ ಹಾಲು ಕರೆಯೋಕೆ ಮನೆಗೆ ಓಡುತ್ತಾನೆ ಎನ್ನುವುದು ಅವನಿಗೆ ನೆನಪಿರುತ್ತಿತ್ತು. ಅವನ ಓವರ್‌ಗಳನ್ನು ಮೊದಲೇ ಮುಗಿಸಿಬಿಡುತ್ತಿದ್ದ. ಎದುರು ತಂಡದವರು ಕೊನೆಗೆ ಅಂತ ಉಳಿಸಿಕೊಂಡ ಬೌಲರ್ ಎಷ್ಟೋ ಸಲ ಕೊನೆಯ ಓವರ್ ಹೊತ್ತಿಗೆ ಕೊಟ್ಟಿಗೆಯಲ್ಲಿರುತ್ತಿದ್ದ. ಕ್ಯಾಪ್ಟನ್ ಅಂದರೆ ಏನು ಅಂತ ನಾನು ಮೊದಲು ತಿಳಿದದ್ದು ಅಲ್ಲಿ. ದ್ರಾವಿಡ್ ಮುಲ್ತಾನ್‌ನಲ್ಲಿ ಎಣಿಸಿದ್ದೂ ಉಳಿದ ಹೊತ್ತನ್ನೇ ಅಲ್ವಾ?

ನಿಮ್ಮ ಹಸ್ತಪ್ರತಿಯನ್ನು ಪೆನ್ಸಿಲ್ ಗುರುತು ಹಾಕಿ ವಾಪಸ್ ಕಳಿಸುತ್ತಿದ್ದೇನೆ. ‘ಧೀಮಂತ’, ‘ದಿಗ್ಗಜ’ ಇರುವ ಕಡೆಯೆಲ್ಲ ಗೆರೆ ಎಳೆದಿದ್ದೇನೆ. ಒಂಬತ್ತು ಕ್ಯಾಪ್ಟನ್‌ಗಳು ಬೇಡ. ಮುಲ್ತಾನ್ ಮತ್ತು ನವುಲೆ, ಈ ಎರಡೇ ಇಟ್ಟುಕೊಳ್ಳಿ. ಅದರಲ್ಲೂ ನವುಲೆ ಜಾಸ್ತಿ ಇರಲಿ. ಮನೆಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಇರಬಹುದು, ಅದು ಮುಗಿದ ಮೇಲೆ ಕೂತು ಬರೆಯಿರಿ. ಯುಗಾದಿಗೆ ಹದಿನೈದು ದಿನ ಮೊದಲು ಕೈ ಸೇರಿದರೆ ಆ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ, ಶಿವಮೊಗ್ಗ