ಡ್ರೋನ್, ರೋಬೋಟ್ ಇದ್ದರೂ ನೆಲಬಾಂಬ್ ತೆಗೆಯಲು ಮನುಷ್ಯರೇ ಯಾಕೆ ಹೋಗಬೇಕು?

ಇಷ್ಟೆಲ್ಲ ತಂತ್ರಜ್ಞಾನ ಇದ್ದೂ ಜನ ಇನ್ನೂ ಮಂಡಿಯೂರಿ ಮಣ್ಣು ಕೆದಕುತ್ತಾರೆ, ಪೂರ್ತಿ ಯಂತ್ರಕ್ಕೇ ಬಿಡಬಾರದಾ ಅಂತ ಕೇಳಿದ್ದೀರಿ. ನಾನು ಡ್ರೋನ್ ಫೋಟೋಗಳಲ್ಲಿ ನೆಲಬಾಂಬ್ ಗುರುತಿಸುವ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತೇನೆ. ಆ ದಿನ ಬೇಗ ಬರಲಿ ಅಂತ ನನಗೂ ತುಂಬಾ ಆಸೆ. ಆದರೆ ಹುಡುಕುವ ಕೆಲಸ ಬೇರೆ, ‘ಇಲ್ಲಿ ಏನೂ ಇಲ್ಲ, ಉಳುಮೆ ಮಾಡಿ’ ಅಂತ ರೈತರಿಗೆ ಹೇಳುವುದು ಬೇರೆ. ಎರಡನೆಯದನ್ನು ಇವತ್ತಿನ ಯಂತ್ರದ ಕೈಗೆ ಕೊಡಲು ನಾನು ಒಪ್ಪುವುದಿಲ್ಲ.

ಮೊದಲು ಕಷ್ಟ ಎಲ್ಲಿದೆ ಹೇಳ್ತೀನಿ. ಮೆಟಲ್ ಡಿಟೆಕ್ಟರ್‌ಗೆ ಬಾಂಬೂ ಒಂದೇ, ತುಕ್ಕು ಹಿಡಿದ ಮೊಳೆಯೂ ಒಂದೇ. ಕಾಂಬೋಡಿಯಾದಲ್ಲಿ 1992ರಿಂದ 1998ರ ತನಕ ಸುಮಾರು 20 ಕೋಟಿ ವಸ್ತುಗಳನ್ನು ಅಗೆದು ತೆಗೆದರು. ಅದರಲ್ಲಿ ನೆಲಬಾಂಬ್ ಮತ್ತು ಬೇರೆ ಸ್ಫೋಟಕಗಳು ಸುಮಾರು 5 ಲಕ್ಷ ಮಾತ್ರ. ಉಳಿದದ್ದೆಲ್ಲ ಗುಜರಿ. ಆದರೂ ಡಿಟೆಕ್ಟರ್ ಕೂಗಿದಾಗಲೆಲ್ಲ ಇದು ಬಾಂಬೇ ಅಂದುಕೊಂಡು ಕೂರಬೇಕು. ನೇರ ಮೇಲಿಂದ ಅಗೆಯುವ ಹಾಗಿಲ್ಲ, ಯಾಕಂದ್ರೆ ತುಳಿದರೆ ಸಿಡಿಯುವ ಬಾಂಬಿಗೆ ಒತ್ತಡ ತಾಗಬೇಕಾದ್ದು ಮೇಲ್ಭಾಗಕ್ಕೆ. ಒಂದಿಷ್ಟು ಈಚೆಯಿಂದ ಶುರುಮಾಡಿ, ಪಕ್ಕದಿಂದ ಚೂರುಚೂರೇ ಮಣ್ಣು ಬಿಡಿಸುತ್ತಾ ಹೋಗಬೇಕು. ಕೊನೆಗೆ ಸಿಗುವುದು ಹೆಚ್ಚಿನ ಸಲ ಯಾವುದೋ ಡಬ್ಬಿಯ ಮುಚ್ಚಳ.

ಇಲ್ಲಿ ಡ್ರೋನ್ ನಿಜವಾಗಿ ಸಹಾಯಕ್ಕೆ ಬರುತ್ತೆ. 2023ರ ಹೊತ್ತಿಗೆ ಉಕ್ರೇನ್‌ನಲ್ಲಿ ಸುಮಾರು 1,74,000 ಚದರ ಕಿಲೋಮೀಟರ್ ಜಾಗ ಅನುಮಾನದ ಪಟ್ಟಿಯಲ್ಲಿತ್ತು. ಅಷ್ಟನ್ನೂ ಕೈಯಲ್ಲಿ ಕೆದಕೋಕಾಗಲ್ಲ, ಕೆದಕಬೇಕಾಗಿಯೂ ಇಲ್ಲ. ಇಂಥ ಪಟ್ಟಿಯ ಬಹಳಷ್ಟು ಜಾಗದಲ್ಲಿ ಬಾಂಬೇ ಇರುವುದಿಲ್ಲ. ಕಂದಕ ಎಲ್ಲಿತ್ತು, ಟ್ಯಾಂಕ್ ಎಲ್ಲಿ ಸುಟ್ಟಿದೆ, ಬಾಂಬ್ ಸಾಲು ಎಲ್ಲಿಂದ ಶುರು ಅನ್ನೋದು ಮೇಲಿನ ಫೋಟೋದಲ್ಲಿ ಕಾಣುತ್ತೆ. ಲಕ್ಷಗಟ್ಟಲೆ ಫೋಟೋ ನೋಡಿ ಮನುಷ್ಯರ ಕಣ್ಣು ಸೋಲುತ್ತೆ, ಸಾಫ್ಟ್‌ವೇರ್ ಸೋಲಲ್ಲ.

ಮೇಲೆಯೇ ಬಿದ್ದಿರುವ ಬಾಂಬುಗಳಿಗಂತೂ ಇದು ಚೆನ್ನಾಗಿ ಹೊಂದುತ್ತೆ. ಸೋವಿಯತ್ ಕಾಲದ ಪಿಎಫ್‌ಎಂ-1, ಅಂದರೆ ಚಿಟ್ಟೆ ಬಾಂಬ್, ಅಂಗೈ ಅಗಲದ ಪ್ಲಾಸ್ಟಿಕ್ ತುಂಡು. ತೂಕ ಸುಮಾರು 75 ಗ್ರಾಂ. ಅಫ್ಘಾನಿಸ್ತಾನದಲ್ಲಿ ಇವನ್ನು ಆಕಾಶದಿಂದ ಸುರಿದರು, ಆಟಿಕೆ ಅಂತ ಎತ್ತಿಕೊಂಡ ಮಕ್ಕಳು ಕೈ ಕಳೆದುಕೊಂಡರು. ಬೆಳಗ್ಗೆ ಬಿಸಿಲು ಬೀಳುತ್ತಿದ್ದ ಹಾಗೆ ಆ ಪ್ಲಾಸ್ಟಿಕ್ ಸುತ್ತಲಿನ ಕಲ್ಲಿಗಿಂತ ಬೇಗ ಬಿಸಿಯಾಗುತ್ತೆ. ಥರ್ಮಲ್ ಕ್ಯಾಮೆರಾದಲ್ಲಿ ಸಣ್ಣ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು ಡ್ರೋನ್‌ಗೆ ಇಂಥ ಕ್ಯಾಮೆರಾ ಕಟ್ಟಿ ಇದನ್ನು ಮಾಡಿ ತೋರಿಸಿದ್ದಾರೆ.

ಆದರೆ ಹುಲ್ಲು ಬೆಳೆದರೆ? ಒಮ್ಮೆ ನಾವೇ ಮೈದಾನದಲ್ಲಿ ಡಮ್ಮಿ ಬಾಂಬುಗಳನ್ನು ಇಟ್ಟು ಪರೀಕ್ಷೆ ಮಾಡಿದೆವು. ಸಾಫ್ಟ್‌ವೇರ್ ಒಂದು ಒಣ ಎಲೆಯ ಸುತ್ತ ಕೆಂಪು ಚೌಕ ಹಾಕಿತು. ಅದರಿಂದ ಎರಡು ಹೆಜ್ಜೆ ದೂರದಲ್ಲಿ ಹುಲ್ಲಿನ ಬುಡದಲ್ಲಿದ್ದ ಡಮ್ಮಿಯನ್ನು ಬಿಟ್ಟುಬಿಟ್ಟಿತು. ನಾನು ಹೋಗಿ ಆ ಹುಲ್ಲು ಸರಿಸಿ ನೋಡಿದೆ. ನಿಜವಾದದ್ದಾಗಿದ್ದರೆ ಅಷ್ಟು ಹತ್ತಿರ ಯಾರದೋ ಕಾಲು ಬರುತ್ತಿತ್ತು. ಎಲೆಗೆ ಚೌಕ ಹಾಕಿದರೆ ಹತ್ತು ನಿಮಿಷ ನಷ್ಟ, ಅಷ್ಟೇ. ಬಿಟ್ಟುಹೋದದ್ದರ ಲೆಕ್ಕ ಹಾಗಲ್ಲ ಅಲ್ವಾ? ಹೂತಿಟ್ಟ ಬಾಂಬಿನ ವಿಷಯ ಇನ್ನೂ ಕಷ್ಟ. ನೆಲದೊಳಗೆ ನೋಡುವ ರಾಡಾರ್ ಇದೆ, ಆದರೆ ಒದ್ದೆ ಜೇಡಿಮಣ್ಣಿನಲ್ಲಿ ಅದರ ಸಿಗ್ನಲ್ ಬೇಗ ಸತ್ತುಹೋಗುತ್ತೆ.

ಸರಪಳಿ ಬೀಸಿ ನೆಲ ಬಡಿಯುವ ದೊಡ್ಡ ಯಂತ್ರಗಳೂ ಇವೆ, ಕ್ರೊಯೇಷಿಯಾದ ಎಂವಿ-4 ಥರದ್ದು. ಅವನ್ನು ದೂರದಲ್ಲಿ ನಿಂತು ರಿಮೋಟ್‌ನಲ್ಲಿ ಓಡಿಸುತ್ತಾರೆ. ಅವು ಬಡಿದು ಹೋದ ಮೇಲೂ ಕೆಲವು ಬಾಂಬು ಸಿಡಿಯದೆ ಒಡೆದು ಉಳಿಯಬಹುದು, ಹಾಗಾಗಿ ಹಿಂದೆ ಮತ್ತೆ ಜನ ಅಥವಾ ನಾಯಿ ಹೋಗಿ ನೋಡಲೇಬೇಕು.

ಒಂದು ಕಡೆ ಮಾತ್ರ ನಿಮ್ಮ ಮಾತು ನೂರಕ್ಕೆ ನೂರು ಸರಿ. ರಷ್ಯಾದ ಪಿಒಎಂ-3 ಅನ್ನುವ ಬಾಂಬಿಗೆ ತುಳಿಯಲೇಬೇಕು ಅಂತಿಲ್ಲ. ಹತ್ತಿರ ಬರುವ ಹೆಜ್ಜೆಯ ಅದುರು ನೆಲದಲ್ಲಿ ಗೊತ್ತಾದರೆ ಸಾಕು, ಸಿಡಿಯುತ್ತೆ. ಅದನ್ನು ತೆಗೆಯಲು ಹೋಗುವವರ ಹೆಜ್ಜೆಯೂ ಅದಕ್ಕೆ ಹೆಜ್ಜೆಯೇ. ಅಲ್ಲಿಗೆ ಮನುಷ್ಯರು ಹೋಗಲೇಬಾರದು, ರೋಬೋಟೇ ಹೋಗಲಿ.