ಹಾಡುವಾಗ ಹೆಡ್‌ಫೋನಿನಲ್ಲಿ ನನ್ನ ದನಿ ತಡವಾಗಿ ಕೇಳುತ್ತದೆ. ಹೊಸ ಲ್ಯಾಪ್‌ಟಾಪ್ ಬೇಕೇ?

ಬೇಡ. ದಯವಿಟ್ಟು ಆ ಹಣವನ್ನು ಉಳಿಸಿಕೊಳ್ಳಿ. ಬಸವನಗುಡಿಯ ಮನೆಯಲ್ಲಿ ಎರಡು ಇನ್‌ಪುಟ್‌ಗಳ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಕಂಡೆನ್ಸರ್ ಮೈಕ್, ವಿಂಡೋಸ್ ಲ್ಯಾಪ್‌ಟಾಪ್ ಇವೆ ಎಂದಿದ್ದೀರಿ. ದನಿ ತಡವಾಗುವುದು, ತಾರಸ್ಥಾಯಿಯಲ್ಲಿ ಒಡೆಯುವುದು, ಹಿನ್ನೆಲೆಯಲ್ಲಿ ಗುಂಯ್‌ಗುಡುವುದು ನಿಮ್ಮ ದೂರುಗಳು. ಕಛೇರಿ ಸಂಗೀತವನ್ನು ಮನೆಯಲ್ಲೇ ಮುದ್ರಿಸುವವನಾಗಿ ಹೇಳುತ್ತೇನೆ, ಇವು ಇರುವ ಸಲಕರಣೆಯಲ್ಲೇ ಸರಿಹೋಗುತ್ತವೆ.

ಕಂಪ್ಯೂಟರು ಧ್ವನಿಯನ್ನು ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆ) ಇರುವಾಗ ಬಫರ್ 1024 ಸ್ಯಾಂಪಲ್ ಆಗಿದ್ದರೆ ಒಳಬರಲಿಕ್ಕೇ ಸುಮಾರು 21 ಮಿಲಿಸೆಕೆಂಡ್, ಹೊರಹೋಗಲು ಮತ್ತಷ್ಟು. ತಾಳ ತಪ್ಪಲು ಇಷ್ಟು ಸಾಕು. ಇಂಟರ್‌ಫೇಸ್ ತಯಾರಕರ ಜಾಲತಾಣದಿಂದ ಎಎಸ್‌ಐಒ (ASIO) ಡ್ರೈವರ್, ಎಂದರೆ ಧ್ವನಿಯನ್ನು ಕಡಿಮೆ ತಡದಲ್ಲಿ ಸಾಗಿಸುವ ತಂತ್ರಾಂಶ, ಹಾಕಿಕೊಂಡು, ಮುದ್ರಣದ ತಂತ್ರಾಂಶದಲ್ಲಿ ಅದನ್ನೇ ಆರಿಸಿ, ಬಫರನ್ನು 128ಕ್ಕೆ ಇಳಿಸಿ. ಚಿಟಪಟ ಸದ್ದು ಬಂದರೆ 256. ಇದಕ್ಕಿಂತ ಒಳ್ಳೆಯ ದಾರಿ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ: ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವುದನ್ನು ಕಾಯದೆ ನೇರವಾಗಿ ಕಿವಿಗೆ ಬರುತ್ತದೆ. ಅದನ್ನು ಬಳಸುವಾಗ ತಂತ್ರಾಂಶದಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿಬಿಡಿ, ಇಲ್ಲದಿದ್ದರೆ ದನಿ ಎರಡು ಸಲ ಕೇಳುತ್ತದೆ.

ದನಿ ಒಡೆಯುವುದು ಗೇನ್, ಎಂದರೆ ಮೈಕಿನ ದನಿಯನ್ನು ಇಂಟರ್‌ಫೇಸ್ ಹಿಗ್ಗಿಸುವ ಪ್ರಮಾಣ, ಹೆಚ್ಚಾದುದರಿಂದ. ಬಹಳ ಜನ ಮಂದ್ರದಲ್ಲಿ ಮೆಲ್ಲಗೆ ಹಾಡಿ ಗೇನ್ ಹೊಂದಿಸುತ್ತಾರೆ. ನೀವು ಕೀರ್ತನೆಯ ಅತಿ ಎತ್ತರದ ಸಂಗತಿಯನ್ನು ನಿಜವಾದ ಕಸುವಿನಲ್ಲಿ ಹಾಡಿ, ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ತಿರುಗಿಸಿ. 24 ಬಿಟ್‌ನಲ್ಲಿ ಮುದ್ರಿಸಿದರೆ ದನಿ ಸಣ್ಣದಾಯಿತೆಂಬ ಭಯ ಬೇಡ, ಆಮೇಲೆ ಏರಿಸಬಹುದು. ಕೆಂಪು ದೀಪ ಹತ್ತಿದ ಸ್ವರ ಮಾತ್ರ ಕೆಟ್ಟೇ ಹೋಯಿತು. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನ 48 ವೋಲ್ಟ್ ಸ್ವಿಚ್ ಹಾಕಬೇಕಷ್ಟೆ. ಆ ಸ್ವಿಚ್ ಮುಟ್ಟುವ ಮೊದಲು ಹೆಡ್‌ಫೋನಿನ ದನಿ ತಗ್ಗಿಸಿ.

ಗುಂಯ್ ಎನ್ನುವುದು ಬಹುಮಟ್ಟಿಗೆ 50 ಹರ್ಟ್ಸ್ ವಿದ್ಯುತ್ತಿನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ನಿಂತಿತೆಂದರೆ ಪ್ಲಗ್ ಪಾಯಿಂಟಿನ ಅರ್ತಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ; ಕೆಲವು ಹಳೆಯ ಮನೆಗಳಲ್ಲಿ ಅದು ಸರಿಯಾಗಿ ಇರುವುದಿಲ್ಲ.

ಕೋಣೆಯ ಬಗ್ಗೆ ನೀವು ಕೇಳಲಿಲ್ಲ, ಆದರೆ ನನ್ನ ಮಟ್ಟಿಗೆ ಮೈಕಿಗಿಂತ ದೊಡ್ಡದು ಅದೇ. ಕಾರ್ಡಿಯಾಯ್ಡ್ ಮೈಕು, ಎಂದರೆ ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕು; ಅದರ ಬೆನ್ನಿಗೆ ಕಿವಿ ಮಂದ. ಆ ಬೆನ್ನನ್ನು ರಸ್ತೆಯ ಕಿಟಕಿಗೆ ತಿರುಗಿಸಿದರೆ ಆಟೋ ಹಾರನ್ ಸಾಕಷ್ಟು ತಗ್ಗುತ್ತದೆ. ಆಗ ನೀವು ಕಿಟಕಿಯತ್ತ ಮುಖ ಮಾಡಿ ಹಾಡುತ್ತೀರಿ, ಮೈಕು ನಿಮ್ಮ ಹಿಂದಿನ ಗೋಡೆಯ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ದಪ್ಪ ಕಂಬಳಿಯನ್ನು ಅಲ್ಲಿ ಇಳಿಬಿಡಿ. ಫ್ಯಾನ್ ನಿಲ್ಲಿಸಿ.

ಶ್ರುತಿಯನ್ನು ಮೊಬೈಲಿನ ಸ್ಪೀಕರಿನಲ್ಲಿ ಹಾಕಬೇಡಿ. ಮೊದಲೇ ಒಂದು ಟ್ರ್ಯಾಕಿನಲ್ಲಿ ತಂಬೂರಿ ಇಟ್ಟುಕೊಂಡು, ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಿ. ಹಾಡು ಮುಗಿದ ಮೇಲೂ ತಂಬೂರಿಯನ್ನು ಬೇಕಾದಷ್ಟು ಏರಿಸಿ ಇಳಿಸುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲೇ ಇರುತ್ತದೆ.