ರಾಜನೇ ಇಲ್ಲದ ಫ್ರಾನ್ಸಿಗೆ ‘20ನೇ ಲೂಯಿ’ ಎಲ್ಲಿಂದ ಬಂದರು?

ಪ್ರಶ್ನೆ: ಸ್ಪೇನಿನಲ್ಲಿ ಹುಟ್ಟಿದ ಲೂಯಿ ಆಲ್ಫೋನ್ಸ್ ಅವರನ್ನು ಕೆಲವರು ಫ್ರಾನ್ಸಿನ ‘20ನೇ ಲೂಯಿ’ ಅಂತಾರಂತೆ. ಅವರು ಸರ್ವಾಧಿಕಾರಿ ಫ್ರಾಂಕೊನ ಮರಿಮಗನೂ ಹೌದಂತೆ. ನಿಜವೇ?

ಉತ್ತರ: ಎರಡೂ ನಿಜ. ಆದರೆ ಫ್ರಾಂಕೊ ನಂಟು ತಾಯಿಯ ಕಡೆಯದು. ಫ್ರಾನ್ಸಿನ ಹಳೇ ಕಟ್ಟಳೆಯಲ್ಲಿ ಪಟ್ಟ ಸಾಗುವುದು ಗಂಡುಸಂತಾನದ ಸಾಲಿನಲ್ಲಿ ಮಾತ್ರ. ಹಾಗಾಗಿ ತಂದೆಯ ಕಡೆ ನೋಡೋಣ.

14ನೇ ಲೂಯಿಯ ಮೊಮ್ಮಗ ಫಿಲಿಪ್ 1700ರಲ್ಲಿ ಸ್ಪೇನಿನ ರಾಜನಾದ. ಎರಡೂ ದೇಶ ಒಬ್ಬನ ಕೈಗೆ ಹೋದರೆ ಗತಿಯೇನು ಅಂತ ಅಕ್ಕಪಕ್ಕದವರು ಯುದ್ಧಕ್ಕಿಳಿದರು. ಕೊನೆಗೆ 1713ರ ಉಟ್ರೆಕ್ಟ್ ಒಪ್ಪಂದದ ಹೊತ್ತಿಗೆ ಫ್ರಾನ್ಸಿನ ಮೇಲೆ ತನಗೂ ತನ್ನ ವಂಶಕ್ಕೂ ಹಕ್ಕಿಲ್ಲ ಅಂತ ಫಿಲಿಪ್ ಬರೆದುಕೊಟ್ಟ. ನಮ್ಮಲ್ಲಿ ಜಮೀನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡ್ತಾರಲ್ವಾ, ಹಾಗೆ. ಇವತ್ತಿನ ತಕರಾರೆಲ್ಲ ಆ ಪತ್ರದ್ದೇ.

ಫ್ರಾನ್ಸಿನಲ್ಲೇ ಉಳಿದ ಹಿರಿಯ ಶಾಖೆಯ ಕೊನೆಯವನು ಶಾಂಬೋರಿನ ಕೌಂಟ್. 1873ರಲ್ಲಿ ಪಟ್ಟ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಈ ಮಹಾಶಯ ಮಾತ್ರ ಕ್ರಾಂತಿಯ ತ್ರಿವರ್ಣ ಬಾವುಟ ಬೇಡ, ರಾಜಮನೆತನದ ಬಿಳಿ ಬಾವುಟವೇ ಬೇಕು ಅಂತ ಹಟ ಹಿಡಿದು ಅದನ್ನು ಕಳೆದುಕೊಂಡ! 1883ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ.

ಅಲ್ಲಿಂದ ರಾಜಪಕ್ಷ ಎರಡಾಯಿತು. ಪತ್ರ ಊರ್ಜಿತ ಅನ್ನುವವರು 14ನೇ ಲೂಯಿಯ ತಮ್ಮನ ವಂಶವಾದ ಓರ್ಲೆಯಾನ್ ಮನೆತನದ ಕಡೆ ಹೋದರು. ಪಟ್ಟವೇನು ಸ್ವಂತ ಆಸ್ತಿಯೇ, ಬಿಟ್ಟುಕೊಡೋಕೆ ಅವನ್ಯಾರು ಅನ್ನುವವರು ಸ್ಪೇನಿನ ಶಾಖೆಯತ್ತ ತಿರುಗಿದರು. ಆ ಶಾಖೆಯ ಹಿರಿಯ ಸಾಲಿನವರೇ ಲೂಯಿ ಆಲ್ಫೋನ್ಸ್. ಅವರ ತಾತ ಹೈಮೆಗೆ ಕಿವಿ ಕೇಳುತ್ತಿರಲಿಲ್ಲ. 1933ರಲ್ಲಿ ಆತ ಸ್ಪೇನಿನ ಹಕ್ಕು ಬಿಟ್ಟರು. ಮುಂದೆ ಅಲ್ಲಿ ರಾಜರಾದದ್ದು ಅವರ ತಮ್ಮನ ಮಗ ಹುವಾನ್ ಕಾರ್ಲೋಸ್. ಲೂಯಿ ಹುಟ್ಟಿದ್ದು 1974ರಲ್ಲಿ, ಮ್ಯಾಡ್ರಿಡ್‌ನಲ್ಲಿ. ತಂದೆ 1989ರಲ್ಲಿ ಅಮೆರಿಕದಲ್ಲಿ ಸ್ಕೀಯಿಂಗ್ ಮಾಡುವಾಗ ಸತ್ತರು. ಹುಡುಗನಿಗೆ ಆಗ 14 ವರ್ಷ.

ವಂಶವೃಕ್ಷ ಒಂದನ್ನೇ ನೋಡಿದರೆ ಲೂಯಿ ಪಕ್ಷವೇ ಗಟ್ಟಿ ಅಂತ ನನ್ನ ಅನಿಸಿಕೆ. ಓರ್ಲೆಯಾನ್ ಕಡೆಯವರು ಲೂಯಿಯ ತಂದೆಯ ಮೇಲೆ ದಾವೆ ಹೂಡಿದ್ದರು. ‘ಆಂಜೂ ಡ್ಯೂಕ್’ ಬಿರುದು, ಫ್ರಾನ್ಸಿನ ರಾಜರ ಮೂರು ಲಿಲಿ ಹೂವಿನ ಲಾಂಛನ ಎರಡನ್ನೂ ಬಳಸಬಾರದು ಎಂಬುದು ಅವರ ಬೇಡಿಕೆ. 1988ರಲ್ಲಿ ಪ್ಯಾರಿಸ್ ಕೋರ್ಟ್ ಅದನ್ನು ತಳ್ಳಿಹಾಕಿತು. ರಾಜವಂಶಗಳ ಪೈಪೋಟಿ ಬಗೆಹರಿಸುವುದು ಗಣರಾಜ್ಯದ ಕೋರ್ಟಿನ ಕೆಲಸವಲ್ಲ ಅಂತಲೂ ಹೇಳಿತು.

ಲೂಯಿ ಬೆಂಬಲಿಗರ ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ. 1793ರಲ್ಲಿ 16ನೇ ಲೂಯಿಯ ತಲೆ ತೆಗೆಯಿರಿ ಅಂತ ಮತ ಹಾಕಿದವರಲ್ಲಿ ಅಂದಿನ ಓರ್ಲೆಯಾನ್ ಡ್ಯೂಕ್ ಕೂಡ ಇದ್ದ.